ಉಪಗ್ರಹದ ಮೂಲಕ ಹಕ್ಕಿಗಳ ಜಾಡು ಪತ್ತೆ

ಹಕ್ಕಿಯ ಮೈಗೆ ಪುಟ್ಟ ಪ್ರೇಷಕವನ್ನು ಜೋಡಿಸಿ, ಅದರ ಸಂಕೇತಗಳನ್ನು ಉಪಗ್ರಹದ ನೆರವಿನಿಂದ ಗ್ರಹಿಸಿ, ಹಕ್ಕಿ ಸಂಚರಿಸಿದ ಮಾರ್ಗವನ್ನು ಗುರುತಿಸುವ ವಿಧಾನವೇ ಉಪಗ್ರಹ ಜಾಡು ಪತ್ತೆ. ಕಡಲಹಕ್ಕಿಗಳ ಅಧ್ಯಯನದಲ್ಲಿ ಮಹತ್ವ ಪಡೆದ ಈ ವಿಧಾನವು ಇಂದು ಹುಲ್ಲುಗಾವಲಿನ ಹಕ್ಕಿಗಳ ಸಂರಕ್ಷಣೆಗೂ ಬಳಕೆಯಾಗುತ್ತಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂತಹ ಒಣ ಬಯಲು ನಾಡಿಗೂ ಇದರಿಂದ ತಿಳಿಯಬೇಕಾದ ಪಾಠಗಳಿವೆ.

ಕಾರ್ಯವಿಧಾನ

ಫ್ರಾನ್ಸ್ ಮತ್ತು ಅಮೆರಿಕ 1978ರಲ್ಲಿ ಆರಂಭಿಸಿದ ಆರ್ಗೋಸ್ ವ್ಯವಸ್ಥೆಯು ಈ ಕಾರ್ಯಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. ಸಮೀಪಿಸುವ ರೈಲಿನ ಸಿಳ್ಳೆ ಏರುದನಿಯಲ್ಲಿಯೂ ದೂರ ಸರಿಯುವ ರೈಲಿನ ಸಿಳ್ಳೆ ಇಳಿದನಿಯಲ್ಲಿಯೂ ಕೇಳುವಂತೆ, ಚಲಿಸುವ ಉಪಗ್ರಹಕ್ಕೆ ಪ್ರೇಷಕದ ಆವರ್ತನ ಬದಲಾದಂತೆ ತೋರುತ್ತದೆ. ಈ ಡಾಪ್ಲರ್ ಪರಿಣಾಮದಿಂದ ಹಕ್ಕಿಯ ಸ್ಥಾನವನ್ನು ಲೆಕ್ಕ ಹಾಕಲಾಗುತ್ತದೆ. ಇತ್ತೀಚಿನ ಪ್ರೇಷಕಗಳಲ್ಲಿ ಜಿಪಿಎಸ್ ಹಾಗೂ ಸೌರಕೋಶಗಳೂ ಇರುತ್ತವೆ. ಭಾರತವು ಉಡಾಯಿಸಿದ ಸರಳ್ (25 ಫೆಬ್ರವರಿ 2013) ಮತ್ತು ಓಷನ್‌ಸ್ಯಾಟ್-3 (26 ನವೆಂಬರ್ 2022) ಉಪಗ್ರಹಗಳು ಆರ್ಗೋಸ್ ಉಪಕರಣಗಳನ್ನು ಹೊತ್ತೊಯ್ದಿವೆ.

ಕಡಲಹಕ್ಕಿಗಳು

1989ರಲ್ಲಿ ಫ್ರೆಂಚ್ ವಿಜ್ಞಾನಿಗಳು ಹಿಂದೂ ಮಹಾಸಾಗರದ ಕ್ರೋಝೆ ದ್ವೀಪಗಳ ಅಲೆಮಾರಿ ಆಲ್ಬಟ್ರಾಸ್‌ಗಳಿಗೆ ಪ್ರೇಷಕ ಜೋಡಿಸಿದರು. ಆಹಾರಕ್ಕಾಗಿ ಒಮ್ಮೆ ಹೊರಟ ಹಕ್ಕಿಯು 3,600ರಿಂದ 15,000 ಕಿ.ಮೀ. ಸಂಚರಿಸುವುದು ತಿಳಿದುಬಂತು. ಗೂಡಿನ ದ್ವೀಪದಲ್ಲಿ ಸುರಕ್ಷಿತವಾಗಿದ್ದ ಹಕ್ಕಿಗಳು ದೂರದ ಕಡಲಿನಲ್ಲಿ ಉದ್ದದ ಗಾಳದ ಸಾಲುಗಳಿಗೆ ಸಿಕ್ಕಿ ಸಾಯುತ್ತಿದ್ದುದನ್ನು ಅರಿಯಲು ಇಂತಹ ನಕ್ಷೆಗಳು ನೆರವಾದವು. ರಾತ್ರಿ ವೇಳೆ ಗಾಳ ಇಳಿಸುವುದು, ಗಾಳಕ್ಕೆ ಭಾರ ಕಟ್ಟುವುದು, ಹಕ್ಕಿ ಬೆದರಿಸುವ ದಾರಗಳನ್ನು ಬಳಸುವುದು ಇದಕ್ಕೆ ಪರಿಹಾರಗಳಾಗಿವೆ.

ಭಾರತದಲ್ಲಿ

ನಾಗಾಲ್ಯಾಂಡಿನ ಪಾಂಗ್ಟಿ ಬಳಿ 2012ರಲ್ಲಿ ಅಮೂರ್ ಚಾಣಗಳ ಸಾಮೂಹಿಕ ಬೇಟೆ ಬೆಳಕಿಗೆ ಬಂತು. ಗ್ರಾಮಸ್ಥರು ಬೇಟೆಯನ್ನು ಕೈಬಿಟ್ಟ ನಂತರ, 2013ರ ನವೆಂಬರಿನಲ್ಲಿ ಮೂರು ಹಕ್ಕಿಗಳಿಗೆ ಪ್ರೇಷಕ ಜೋಡಿಸಲಾಯಿತು. ಅವು ಪರ್ಯಾಯ ದ್ವೀಪವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಾ ತಲುಪಿದವು.

ಪಶ್ಚಿಮ ಭಾರತದಲ್ಲಿ ಪ್ರೇಷಕ ಧರಿಸಿದ ಎರ್ಲಡ್ಡುಗಳು (ದೊರೆವಾಯನ ಹಕ್ಕಿ) ಅಭಯಾರಣ್ಯದ ಗಡಿ ದಾಟಿ ಹೊಲಗಳಲ್ಲಿಯೂ ಬೀಳುಭೂಮಿಯಲ್ಲಿಯೂ ಸಂಚರಿಸುವುದು ಕಂಡುಬಂದಿದೆ. ದೇಹ ಭಾರವಾಗಿದ್ದು, ಮುಂದಿನ ನೋಟವೂ ಕಿರಿದಾಗಿರುವುದರಿಂದ ಇವು ಹಾರುವಾಗ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತವೆ. ಇವುಗಳ ನೆಲೆಗಳಲ್ಲಿ ವಿದ್ಯುತ್ ಮಾರ್ಗಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 19 ಏಪ್ರಿಲ್ 2021ರಂದು ಆದೇಶ ನೀಡಿ, 2024ರ ಮಾರ್ಚ್‌ನಲ್ಲಿ ಅದನ್ನು ಮಾರ್ಪಡಿಸಿತು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು

ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಎರ್ಲಡ್ಡು, ಕೃಷ್ಣಮೃಗ ಮುಂತಾದ ಜೀವಿಗಳಿಗೆ ನೆಲೆಯಾಗಿದ್ದ ಹುಲ್ಲುಗಾವಲುಗಳು. ಸುತ್ತಲಿನ ಕುರಿಗಾಹಿಗಳಿಗೆ ಮೇವಿನ ಆಸರೆ. ಇಲ್ಲಿನ 8,000 ಎಕರೆಗೂ ಹೆಚ್ಚು ಭೂಮಿಯನ್ನು ಇಸ್ರೊ, ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ನೀಡಲಾಗಿದೆ. ಈ ಕ್ರಮವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲಾಗಿತ್ತು. ಜಿಲ್ಲೆಯಲ್ಲಿ ಗಾಳಿಯಂತ್ರಗಳೂ ಅವುಗಳಿಗೆ ಬೇಕಾದ ವಿದ್ಯುತ್ ಮಾರ್ಗಗಳೂ ಇವೆ. ಮೊಳಕಾಲ್ಮೂರಿಗೆ ಹೊಂದಿಕೊಂಡಿರುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಎರ್ಲಡ್ಡು ವಿರಳವಾಗಿ ಕಾಣಸಿಗುತ್ತದೆ. ತಾಲ್ಲೂಕು, ಜಿಲ್ಲೆಗಳ ಗಡಿಯನ್ನು ಅರಿಯದ ಇಂತಹ ಹಕ್ಕಿಗೆ ಒಂದೆರಡು ಬೇಲಿಯೊಳಗಿನ ರಕ್ಷಣೆ ಸಾಲದು. ಅದು ಸಂಚರಿಸುವ ಬಯಲುಗಳೆಲ್ಲವೂ ಯೋಜನೆಯಲ್ಲಿ ಸೇರಬೇಕಾಗುತ್ತದೆ.

ಮಿತಿಗಳು

ಪ್ರೇಷಕದ ತೂಕವು ಹಕ್ಕಿಯ ತೂಕದ ಶೇಕಡಾ 3ನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಆದ್ದರಿಂದ ಸಣ್ಣ ಹಕ್ಕಿಗಳಿಗೆ ಈ ವಿಧಾನ ಹೊಂದುವುದಿಲ್ಲ. ಉಪಕರಣ ದುಬಾರಿಯಾದ ಕಾರಣ ಕೆಲವೇ ಹಕ್ಕಿಗಳ ಮಾಹಿತಿ ದೊರೆಯುತ್ತದೆ. ಅಳಿವಿನಂಚಿನ ಹಕ್ಕಿಯನ್ನು ಹಿಡಿಯುವುದೇ ಅದಕ್ಕೆ ಅಪಾಯ ತರಬಹುದು. ಜಾಡು ಪತ್ತೆಯು ಅಪಾಯದ ಸ್ಥಳವನ್ನು ತೋರಿಸಬಲ್ಲದೇ ಹೊರತು ಅದನ್ನು ನಿವಾರಿಸಲಾರದು.