ಕೊನೆಯ ದಿನದ ಚಪ್ಪಾಳೆ, ಮೊದಲ ದಿನಗಳ ನಿಟ್ಟುಸಿರು

2019ರ ಜನವರಿ 13, ಭಾನುವಾರ. ಟೋಕಿಯೊದ ರ್ಯೋಗೊಕು ಪ್ರದೇಶದ ಕೊಕುಗಿಕಾನ್ ಸೂಮೊ ಭವನದಲ್ಲಿ ವರ್ಷದ ಮೊದಲ ಪಂದ್ಯಾವಳಿಯ ಮೊದಲ ದಿನ. ಪ್ರಶಸ್ತಿ ಯಾರ ಪಾಲಾದೀತು ಎಂಬ ಲೆಕ್ಕಾಚಾರ ಸೂಮೊದಲ್ಲಿ ಎರಡನೆಯ ವಾರಕ್ಕೆ ಸೇರಿದ್ದು. ಆ ಸಲ ಮಾತ್ರ, ಸುಮಾರು ಹನ್ನೊಂದು ಸಾವಿರ ಜನ ಹಿಡಿಸುವ ಭವನ ಮೊದಲ ದಿನವೇ ತುದಿಗಾಲಲ್ಲಿತ್ತು. ಕಿಸೆನೊಸಾಟೊ ಕಣ ಹತ್ತಿದಾಗ ಮೂಲೆಮೂಲೆಯಿಂದ ಅವರ ಹೆಸರಿನ ಕೂಗು ಎದ್ದಿತು. ಎದುರಿಗೆ ಮಿತಾಕೆಉಮಿ. ಕೂಗು ಇಳಿಯುವ ಮೊದಲೇ ಕಿಸೆನೊಸಾಟೊ ಕಣದ ಅಂಚಿನ ಆಚೆ ನಿಂತಿದ್ದರು.

ಮರುದಿನ ಅವರನ್ನು ಮಂಗೋಲಿಯಾದ ದೈತ್ಯ ಇಚಿನೊಜೊ ಮುಗ್ಗರಿಸುವಂತೆ ಬಡಿದು ಕೆಡವಿದರು. ಮೂರನೆಯ ದಿನ ತೊಚಿಓಜಾನ್ ಹೊರಗೆ ದಬ್ಬಿದರು. ನಾಲ್ಕನೆಯ ದಿನದ ಟಿಕೆಟ್ ತೆಗೆದವರು ಅವರನ್ನು ಕಣದಲ್ಲಿ ನೋಡಲಿಲ್ಲ. ಸೂಮೊದ ಅತಿ ದೊಡ್ಡ ಪದವಿಯಾದ ಯೊಕೊಜುನಾಗೆ ಏರಿದ 72ನೆಯವರಾದ ಕಿಸೆನೊಸಾಟೊ ಜನವರಿ 16ರ ಬುಧವಾರ ನಿವೃತ್ತಿ ಘೋಷಿಸಿದರು.

ಪಂದ್ಯಾವಳಿಯ ಮೊದಲ ಮೂರೇ ದಿನಗಳಲ್ಲಿ ಒಬ್ಬ ಪೈಲ್ವಾನನ ಬದುಕು ಹೀಗೆ ತೀರ್ಮಾನವಾಗುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಇನ್ನೂ ಹನ್ನೆರಡು ದಿನ ಬಾಕಿ ಇದ್ದವಲ್ಲ? ಅದಕ್ಕೆ ಉತ್ತರ ಸೂಮೊದ ವ್ಯವಸ್ಥೆಯಲ್ಲಿದೆ. ವರ್ಷಕ್ಕೆ ಆರು ಪಂದ್ಯಾವಳಿಗಳು: ಟೋಕಿಯೊದಲ್ಲಿ ಮೂರು, ಒಸಾಕಾ, ನಗೋಯಾ, ಫುಕುಓಕಾಗಳಲ್ಲಿ ಒಂದೊಂದು. ಒಂದೊಂದೂ ಭಾನುವಾರದಿಂದ ಭಾನುವಾರದವರೆಗೆ ಹದಿನೈದು ದಿನ, ಮೇಲಿನ ದರ್ಜೆಯವರಿಗೆ ದಿನಕ್ಕೊಂದು ಪಂದ್ಯ. ಎಂಟು ಗೆದ್ದವರು ಮೇಲೇರುತ್ತಾರೆ, ಎಂಟು ಸೋತವರು ಕೆಳಗಿಳಿಯುತ್ತಾರೆ. ಎರಡನೆಯ ಅತಿ ದೊಡ್ಡ ಪದವಿಯಾದ ಒಜೆಕಿ ಕೂಡ ಸತತ ಎರಡು ಸಲ ಎಂಟರ ಗಡಿ ತಲುಪದಿದ್ದರೆ ಪದವಿ ಕಳೆದುಕೊಳ್ಳುತ್ತಾನೆ. ಯೊಕೊಜುನಾಗೆ ಮಾತ್ರ ಇಳಿಯುವ ಮೆಟ್ಟಿಲೇ ಇಲ್ಲ. ಸೊಂಟಕ್ಕೆ ಬಿಳಿ ಹಗ್ಗ ಕಟ್ಟಿಸಿಕೊಂಡ ಮೇಲೆ ಗೆಲ್ಲಬೇಕು, ಆಗದಿದ್ದರೆ ಮನೆಗೆ ಹೋಗಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ಸಮಬಲದವರ ಜೊತೆಗಿನ ಕುಸ್ತಿಗಳನ್ನು ಎರಡನೆಯ ವಾರಕ್ಕೆ ಉಳಿಸಿಕೊಂಡು, ಮೊದಲ ದಿನಗಳಲ್ಲಿ ಯೊಕೊಜುನಾಗೆ ಕೆಳಗಿನ ಶ್ರೇಣಿಯವರನ್ನೇ ಎದುರು ನಿಲ್ಲಿಸುತ್ತಾರೆ. ಅವರಲ್ಲಿ ಪದವಿಯಿಲ್ಲದ ಮಾಎಗಾಶಿರಾ ಪೈಲ್ವಾನರೂ ಇರುತ್ತಾರೆ. ಅಂಥವನೊಬ್ಬ ಯೊಕೊಜುನಾನನ್ನು ಉರುಳಿಸಿದರೆ ಅದು ‘ಕಿನ್‌ಬೋಶಿ’, ಅಂದರೆ ಬಂಗಾರದ ನಕ್ಷತ್ರ. ಅದು ಬರೀ ಗೌರವವಲ್ಲ. ಆತ ಸಂಬಳದ ದರ್ಜೆಯಲ್ಲಿ ಇರುವಷ್ಟು ಕಾಲ ಪ್ರತಿ ಪಂದ್ಯಾವಳಿಗೂ 40,000 ಯೆನ್ ಹೆಚ್ಚು ಬರುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ಯೊಕೊಜುನಾ ಎದುರು ನಿಲ್ಲುವವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಯೊಕೊಜುನಾಗೆ ಹೊಸದಾಗಿ ಗಳಿಸುವುದು ಏನೂ ಇಲ್ಲ.

ಕಣ ಬೇರೆ ಕಿರಿದು. ಮೈಸೂರಿನ ದಸರಾ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗುವವರೆಗೆ ಜಟ್ಟಿಗೆ ಸಮಯವಿದೆ, ಕೆಳಗೆ ಬಿದ್ದವನೂ ತಿರುಗಿ ಮೇಲೇಳಬಹುದು. ಸೂಮೊದಲ್ಲಿ 4.55 ಮೀಟರ್ ಅಗಲದ ವೃತ್ತದಿಂದ ಹೆಬ್ಬೆರಳು ಹೊರಗಿಟ್ಟರೆ ಮುಗಿಯಿತು. ಅಂಗಾಲು ಬಿಟ್ಟು ಬೇರೆ ಏನು ನೆಲ ಮುಟ್ಟಿದರೂ ಸೋಲು. ಅರ್ಧ ಕ್ಷಣ ತಡವಾದ ದೇಹವನ್ನು ಬಚ್ಚಿಡಲು ಅಲ್ಲಿ ಜಾಗವಿಲ್ಲ.

ಕಿನ್‌ಬೋಶಿ ಬಿದ್ದ ಸಂಜೆ ಭವನದಲ್ಲಿ ಜಬುತೊನ್ ಹಾರುತ್ತವೆ. ಅವು ಕೆಳಗಿನ ಚೌಕಗಳಲ್ಲಿ ಜನ ಕೂರಲು ಹಾಸಿದ ಚೌಕಾಕಾರದ ದಿಂಬುಗಳು. ಎಸೆಯಬೇಡಿ ಎಂಬ ಪ್ರಕಟಣೆ ಧ್ವನಿವರ್ಧಕದಲ್ಲಿ ಬರುತ್ತಲೇ ಇರುತ್ತದೆ, ದಿಂಬುಗಳೂ ಹಾರುತ್ತಲೇ ಇರುತ್ತವೆ. ಫುಕುಓಕಾದಲ್ಲಿ ಸಂಘಟಕರು ಕೊನೆಗೆ ದಿಂಬುಗಳನ್ನೇ ಒಂದಕ್ಕೊಂದು ಜೋಡಿಸಿ ಹಾಸಿದರು. ಗೆದ್ದವನಿಗೆ ಹರ್ಷೋದ್ಗಾರವೋ, ಸೋತ ದೊಡ್ಡವನಿಗೆ ಛೀಮಾರಿಯೋ, ಎಸೆದವರನ್ನು ಕೇಳಿದರೂ ಸರಿಯಾಗಿ ಹೇಳಲಾರರು ಎಂದು ನನ್ನ ಗುಮಾನಿ. ಯೊಕೊಜುನಾ ಆಗಿದ್ದ ಎರಡು ವರ್ಷಗಳಲ್ಲಿ ಕಿಸೆನೊಸಾಟೊ 18 ಕಿನ್‌ಬೋಶಿ ಬಿಟ್ಟುಕೊಟ್ಟರು. ಆದರೆ ಅವರು ಸೋತಾಗ ದಿಂಬುಗಳಿಗಿಂತ ಮೊದಲು ಬರುತ್ತಿದ್ದುದು ನಿಟ್ಟುಸಿರು. ಇಡೀ ಭವನ ಒಟ್ಟಿಗೆ ಬಿಟ್ಟ ಉಸಿರು. ಬೈಗುಳವಾದರೆ ಕಿವಿ ಮುಚ್ಚಿಕೊಳ್ಳಬಹುದು. ಇದಕ್ಕೆ ಏನು ಮಾಡುವುದು?

ಅಷ್ಟೊಂದು ಜನ ಆ ಮನುಷ್ಯನಿಗಾಗಿ ಹಾಗೆ ಮರುಗಲು ಕಾರಣ ಅವರೊಬ್ಬರೇ ಅಲ್ಲ, ಕಾಲವೂ ಹೌದು. 2003ರ ಜನವರಿಯಲ್ಲಿ ತಕನೊಹನ ನಿವೃತ್ತರಾದ ಮೇಲೆ ಜಪಾನಿನಲ್ಲಿ ಹುಟ್ಟಿದ ಯೊಕೊಜುನಾ ಒಬ್ಬರೂ ಉಳಿಯಲಿಲ್ಲ. ಅಸಶೋರ್ಯೂ, ಹಕುಹೊ, ಹರುಮಾಫುಜಿ, ಕಕುರ್ಯೂ ಹೀಗೆ ಒಬ್ಬರ ಹಿಂದೊಬ್ಬರು ಮಂಗೋಲಿಯಾದವರು ಆ ಹಗ್ಗ ಕಟ್ಟಿದರು. 2006ರ ಜನವರಿಯ ಪಂದ್ಯಾವಳಿಯ ನಂತರ 2016ರ ಜನವರಿಯವರೆಗೆ ಒಂದೇ ಒಂದು ಪ್ರಶಸ್ತಿಯೂ ಜಪಾನಿನಲ್ಲಿ ಹುಟ್ಟಿದವರಿಗೆ ದಕ್ಕಲಿಲ್ಲ.

ಆ ಬರಗಾಲದಲ್ಲಿ ಎಲ್ಲರ ಕಣ್ಣು ನೆಟ್ಟಿದ್ದುದು ಇಬರಾಕಿ ಪ್ರಾಂತದ ಈ ಮಿತಭಾಷಿಯ ಮೇಲೆ. 2010ರ ನವೆಂಬರ್‌ನಲ್ಲಿ, ಫುಕುಓಕಾ ಪಂದ್ಯಾವಳಿಯ ಎರಡನೆಯ ದಿನವೇ, ಸತತ 63 ಗೆಲುವು ಕಂಡಿದ್ದ ಹಕುಹೊ ಅವರನ್ನು ಕಣದಾಚೆ ಕಳಿಸಿದ್ದು ಆಗ ಇನ್ನೂ ಮಾಎಗಾಶಿರಾ ಆಗಿದ್ದ ಕಿಸೆನೊಸಾಟೊ. 69 ಗೆಲುವಿನ ಸಾರ್ವಕಾಲಿಕ ದಾಖಲೆಯ ಫುತಾಬಾಯಾಮಾ ಅವರ ಓಟ 1939ರ ಜನವರಿಯಲ್ಲಿ ನಿಂತಿದ್ದೂ ಪಂದ್ಯಾವಳಿಯ ನಾಲ್ಕನೆಯ ದಿನ. ಮೊದಲ ದಿನಗಳ ಟಿಕೆಟಿಗೆ ಜನ ಮುಗಿಬೀಳುವುದು ಸುಮ್ಮನೆ ಅಲ್ಲ.

ಅದಾದ ಮೇಲೆ ಶುರುವಾಯಿತು ಕಾಯುವ ಕಾಲ. ಕಿಸೆನೊಸಾಟೊ ಹನ್ನೆರಡು ಸಲ ಎರಡನೆಯ ಸ್ಥಾನಕ್ಕೆ ಬಂದು ನಿಂತರು. 2016ರಲ್ಲಿ ಇಡೀ ವರ್ಷಕ್ಕೆ 69 ಪಂದ್ಯ ಗೆದ್ದು ಎಲ್ಲರಿಗಿಂತ ಮುಂದಿದ್ದರು, ಪ್ರಶಸ್ತಿ ಮಾತ್ರ ಒಂದೂ ಇಲ್ಲ! 2013ರ ನವೆಂಬರ್‌ನಲ್ಲಿ ಅವರು ಹಕುಹೊ ಅವರನ್ನು ಸೋಲಿಸಿದ ದಿನ ಫುಕುಓಕಾದ ಪ್ರೇಕ್ಷಕರು ‘ಬನ್‌ಜಾಯ್’ ಎಂದು ಜಯಕಾರ ಹಾಕಿದ್ದರು. ಸೋತವರೂ ಅದೇ ಸೂಮೊವನ್ನು ವರ್ಷಗಟ್ಟಲೆ ಹೆಗಲ ಮೇಲೆ ಹೊತ್ತವರೇ ಎಂಬುದು ಆ ಕ್ಷಣಕ್ಕೆ ಯಾರಿಗೂ ನೆನಪಾದಂತಿರಲಿಲ್ಲ.

ಕಡೆಗೂ 2017ರ ಜನವರಿಯಲ್ಲಿ 14-1ರ ಸಾಧನೆಯೊಂದಿಗೆ ಮೊದಲ ಪ್ರಶಸ್ತಿ ಬಂತು, ಅದರ ಬೆನ್ನಿಗೇ ಯೊಕೊಜುನಾ ಪದವಿ. ಸಾಮಾನ್ಯವಾಗಿ ಸತತ ಎರಡು ಪ್ರಶಸ್ತಿ, ಇಲ್ಲವೇ ಅದಕ್ಕೆ ಸಮನಾದ ಸಾಧನೆ ಬೇಕು. ಇವರಿಗೆ ಸ್ವಲ್ಪ ರಿಯಾಯಿತಿ ಸಿಕ್ಕಿತೇ ಎಂದು ಕೇಳಿದವರಿದ್ದರು. ಸಂಭ್ರಮದ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಟೋಕಿಯೊದ ಮೆಯ್‌ಜಿ ಮಂದಿರದಲ್ಲಿ ಹೊಸ ಯೊಕೊಜುನಾ ಮೊದಲ ಸಲ ಕಣಪ್ರವೇಶದ ವಿಧಿ ನಡೆಸಿದಾಗ ಸುಮಾರು 18,000 ಜನ ಸೇರಿದ್ದರು.

ಎರಡೇ ತಿಂಗಳಿಗೆ, ಮಾರ್ಚ್‌ನ ಒಸಾಕಾ ಪಂದ್ಯಾವಳಿ. ಹನ್ನೆರಡು ದಿನ ಸೋಲಿಲ್ಲ. ಹದಿಮೂರನೆಯ ದಿನ ಹರುಮಾಫುಜಿ ರಭಸದಿಂದ ನುಗ್ಗಿ ಕಣದಿಂದ ಕೆಳಕ್ಕೆ ಉರುಳಿಸಿದಾಗ ಕಿಸೆನೊಸಾಟೊ ಅವರ ಎಡ ಎದೆ, ಭುಜದ ಭಾಗಕ್ಕೆ ಪೆಟ್ಟಾಯಿತು. ಎಡಗೈ ಅಂದರೆ ಅವರ ಕುಸ್ತಿಯ ಬಂಡವಾಳ. ಎದುರಾಳಿಯ ತೋಳನ್ನು ಕೆಳಗಿನಿಂದ ಒತ್ತಿ ಕಟ್ಟಿಹಾಕುವ ಪಟ್ಟು ನಿಂತಿದ್ದೇ ಅದರ ಮೇಲೆ. ಹದಿನಾಲ್ಕನೆಯ ದಿನ ಕಕುರ್ಯೂ ಎದುರು ನಿಂತದ್ದಷ್ಟೇ, ಹೋರಾಟವಿರಲಿಲ್ಲ. ಕೊನೆಯ ದಿನ ಒಂದು ಗೆಲುವಿನಿಂದ ಮುಂದಿದ್ದ ತೆರುನೊಫುಜಿ ಅವರನ್ನು ಎರಡು ಸಲ ಸೋಲಿಸಬೇಕಿತ್ತು, ಮೊದಲು ನಿಗದಿತ ಪಂದ್ಯದಲ್ಲಿ, ಆಮೇಲೆ ನಿರ್ಣಾಯಕ ಪಂದ್ಯದಲ್ಲಿ. ಎರಡನ್ನೂ ಗೆದ್ದರು. ರಾಷ್ಟ್ರಗೀತೆ ನುಡಿಸುವಾಗ ಕಣ್ಣೀರಿಟ್ಟರು, ದೇಶವೂ ಜೊತೆಗೆ ಅತ್ತಿತು.

ಆ ಸಂಜೆಯ ಇನ್ನೊಂದು ಮಗ್ಗುಲನ್ನು ಅಭಿಮಾನಿಗಳು ಹೇಳುವುದು ಕಡಿಮೆ. ಹಿಂದಿನ ದಿನ ತೆರುನೊಫುಜಿ ಪಕ್ಕಕ್ಕೆ ಸರಿದು ಕೊತೊಶೊಗಿಕು ಅವರನ್ನು ಸೋಲಿಸಿದ್ದರು. ಒಜೆಕಿ ಪದವಿಗೆ ಮರಳುವ ಕೊತೊಶೊಗಿಕು ಅವರ ಆಸೆ ಅಲ್ಲಿಗೆ ಮುಗಿಯಿತು. ನಿಯಮ ಅದನ್ನು ತಡೆಯುವುದಿಲ್ಲ, ಜನರಿಗೆ ಮಾತ್ರ ಅದು ಹೇಡಿತನ. ಬೈಗುಳಗಳ ನಡುವೆ ‘ಮಂಗೋಲಿಯಾಗೆ ಹೋಗು’ ಎಂಬ ಕೂಗೂ ಕೇಳಿಬಂತು. ಅದನ್ನು ಸುದ್ದಿಯ ತಲೆಬರಹ ಮಾಡಿದ ಪತ್ರಿಕೆಯೊಂದು ಟೀಕೆಗೆ ಗುರಿಯಾಯಿತು. ತೆರುನೊಫುಜಿ ಕೂಡ ಮಂಡಿನೋವು ಹೊತ್ತೇ ಆಡುತ್ತಿದ್ದ ಪೈಲ್ವಾನ. ಒಬ್ಬನ ಗಾಯಕ್ಕೆ ಕಣ್ಣೀರು, ಇನ್ನೊಬ್ಬನ ಗಾಯಕ್ಕೆ ಬೈಗುಳ. ಆ ತೆರುನೊಫುಜಿ ಮುಂದೆ ಮಂಡಿನೋವು, ಕಾಯಿಲೆಗಳಿಂದ ಐದನೆಯ ದರ್ಜೆಯವರೆಗೆ ಕುಸಿದು, ಅಲ್ಲಿಂದ ಎದ್ದು ಬಂದು 2021ರಲ್ಲಿ 73ನೆಯ ಯೊಕೊಜುನಾ ಆದರು. ಕಿಸೆನೊಸಾಟೊ ಬಿಟ್ಟುಹೋದ ಸಾಲಿನಲ್ಲಿ ಅವರ ನಂತರದ ಹೆಸರೇ ಅದು.

ಜಪಾನಿನ ಅಭಿಮಾನಿಗಳು ಇಂಥ ಕೊನೆಯ ದಿನವನ್ನು ಅದಕ್ಕೂ ಮೊದಲು ಒಮ್ಮೆ ನೋಡಿದ್ದರು. 2001ರ ಮೇ ತಿಂಗಳಲ್ಲಿ ತಕನೊಹನ ಮಂಡಿ ಮುರಿದುಕೊಂಡವರಂತೆ ಕುಂಟುತ್ತಲೇ ಬಂದು, ನಿರ್ಣಾಯಕ ಪಂದ್ಯದಲ್ಲಿ ಮುಸಾಶಿಮಾರು ಅವರನ್ನು ಕೆಡವಿದರು. ಪ್ರಧಾನಿ ಕೊಯಿಜುಮಿ ತಾವೇ ಕಣಕ್ಕೆ ಬಂದು ಪಾರಿತೋಷಕ ಕೊಡುತ್ತಾ, ನೋವು ಸಹಿಸಿ ಹೋರಾಡಿದ ರೀತಿಗೆ ಮನಸ್ಸು ತುಂಬಿಬಂತು ಎಂಬ ಅರ್ಥದ ಮಾತು ಕೂಗಿ ಹೇಳಿದರು. ಆಮೇಲೆ? ಸತತ ಏಳು ಪಂದ್ಯಾವಳಿಗಳಿಗೆ ತಕನೊಹನ ಗೈರು. 2003ರ ಜನವರಿಯಲ್ಲಿ ಎರಡನೆಯ ದಿನವೇ ಮತ್ತೆ ಪೆಟ್ಟು, ಎಂಟನೆಯ ದಿನದ ಸೋಲಿನ ನಂತರ ನಿವೃತ್ತಿ. ಅವರು ಮತ್ತೊಂದು ಪ್ರಶಸ್ತಿ ಗೆಲ್ಲಲೇ ಇಲ್ಲ. ಕಿಸೆನೊಸಾಟೊ ಅವರೂ ಗೆಲ್ಲಲಿಲ್ಲ. ಅವರ ಪೂರ್ಣ ಅಥವಾ ಭಾಗಶಃ ಗೈರು ಎಂಟು ಪಂದ್ಯಾವಳಿಗಳಿಗೆ ಹಬ್ಬಿ ತಕನೊಹನ ಅವರನ್ನೂ ಮೀರಿಸಿತು. ಹದಿನೈದನೆಯ ದಿನ ಜನ ಕೊಟ್ಟ ಚಪ್ಪಾಳೆ ಸಾಲದ ರೂಪದ್ದು. ಅದನ್ನು ಬಡ್ಡಿ ಸಮೇತ ತೀರಿಸುವುದು ಮುಂದಿನ ಪಂದ್ಯಾವಳಿಗಳ ಮೊದಲ ದಿನಗಳಲ್ಲಿ, ಅದೂ ಪೈಲ್ವಾನ ಒಬ್ಬನೇ.

2018ರ ಸೆಪ್ಟೆಂಬರ್‌ನಲ್ಲಿ ಕಿಸೆನೊಸಾಟೊ ಮರಳಿ ಬಂದು 10-5ರಲ್ಲಿ ಮುಗಿಸಿದರು. ಯೊಕೊಜುನಾಗೆ ಅದು ಸಾಧಾರಣ ಲೆಕ್ಕ, ಆದರೂ ಪ್ರತಿ ಗೆಲುವಿಗೆ ಎದ್ದ ಸದ್ದು ಪ್ರಶಸ್ತಿಗೆ ಏಳುವಂಥದ್ದು. ನವೆಂಬರ್‌ನಲ್ಲಿ ಮೊದಲ ನಾಲ್ಕು ದಿನವೂ ಸೋತು ಹಿಂದೆ ಸರಿದರು. ಯೊಕೊಜುನಾ ಒಬ್ಬ ಮೊದಲ ದಿನದಿಂದ ಸತತ ನಾಲ್ಕು ಸೋತದ್ದು 87 ವರ್ಷಗಳಲ್ಲಿ ಅದೇ ಮೊದಲು. ಸೂಮೊ ಸಂಘಕ್ಕೆ ಸಲಹೆ ನೀಡುವ ಹೊರಗಿನ ಗಣ್ಯರ ಮಂಡಳಿ ಆಗ ಅವರ ವಿಷಯದಲ್ಲಿ ‘ಪ್ರೋತ್ಸಾಹ’ದ ನಿರ್ಣಯ ಕೈಗೊಂಡಿತು. ಮಂಡಳಿಯ ಇತಿಹಾಸದಲ್ಲೇ ಮೊದಲ ಸಲ! ಪ್ರೋತ್ಸಾಹ ಎಂಬುದು ಎಚ್ಚರಿಕೆಯ ವಿನಯದ ರೂಪ ಎಂದು ಎಲ್ಲರಿಗೂ ತಿಳಿಯಿತು. ಜನವರಿಯ ಆ ಮೂರು ದಿನಗಳಿಗೆ ಜನ ಬಂದದ್ದು ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ.

ಮೊದಲ ದಿನಗಳಲ್ಲೇ ಮುಗಿದ ಇನ್ನೊಂದು ದೊಡ್ಡ ಬಾಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1991ರ ಮೇ, 31 ಪ್ರಶಸ್ತಿಗಳ ಚಿಯೊನೊಫುಜಿ ಮೊದಲ ದಿನ ಹದಿನೆಂಟರ ಹುಡುಗ ತಕಹನದನಿಗೆ ಸೋತರು. ಮೂರನೆಯ ದಿನ ತಕತೊರಿಕಿಗೆ ಸೋತ ಮೇಲೆ ಅದೇ ರಾತ್ರಿ ನಿವೃತ್ತಿ ಹೇಳಿದರು. ಆಗಲೂ ಜನ ಅತ್ತರು. ಆದರೆ ಆ ಅಳುವಿನಲ್ಲಿ ಒಂದು ಸಮಾಧಾನವಿತ್ತು, ಗೆದ್ದ ಹುಡುಗನೇ ಮುಂದಿನ ತಕನೊಹನ. 2019ರಲ್ಲಿ ಕಿಸೆನೊಸಾಟೊ ಅವರನ್ನು ಸೋಲಿಸಿದ ಮೂವರಲ್ಲಿ ಯಾರೂ ಯೊಕೊಜುನಾ ಆಗಲಿಲ್ಲ. ಆ ಪಂದ್ಯಾವಳಿಯ ಪ್ರಶಸ್ತಿ ಗೆದ್ದದ್ದು 34 ವರ್ಷದ ಮಂಗೋಲಿಯನ್ ತಮವಶಿ, ಅವರ ಬಾಳಿನ ಮೊದಲನೆಯದು. ಪ್ರಶಸ್ತಿ ಗೆದ್ದ ದಿನ ಬೆಳಿಗ್ಗೆಯೇ ಅವರಿಗೆ ಎರಡನೆಯ ಮಗು ಹುಟ್ಟಿತ್ತು.

ಯೊಕೊಜುನಾ ಆಗಿ ಕಿಸೆನೊಸಾಟೊ ಗೆದ್ದದ್ದು 36, ಸೋತದ್ದು 36, ಗೈರಾದದ್ದು 97. ಅದಕ್ಕೆ ಮೊದಲು ಒಂದೂವರೆ ದಶಕದಲ್ಲಿ ಅವರು ತಪ್ಪಿಸಿದ್ದು ಒಂದೇ ಒಂದು ದಿನ. ಒಸಾಕಾದ ಕೊನೆಯ ದಿನ ಅವರು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಎಂದು ಈಗಲೂ ವಾದಿಸುವವರಿದ್ದಾರೆ. ಹಾಗೆ ಕೂತಿದ್ದರೆ ಇದೇ ಜನ ಅವರನ್ನು ಇಷ್ಟು ಪ್ರೀತಿಸುತ್ತಿದ್ದರೇ ಎಂಬ ಪ್ರಶ್ನೆಗೆ ಆ ವಾದದಲ್ಲಿ ಜಾಗವಿಲ್ಲ.

ಕಿಸೆನೊಸಾಟೊ ಈಗ ನಿಶೊನೊಸೆಕಿ ಎಂಬ ಹೆಸರಿನಲ್ಲಿ ಇಬರಾಕಿಯಲ್ಲಿ ಗರಡಿ ನಡೆಸುತ್ತಾರೆ. ಅವರ ಶಿಷ್ಯ ಓನೊಸಾಟೊ 2025ರ ಮೇ ತಿಂಗಳಲ್ಲಿ 75ನೆಯ ಯೊಕೊಜುನಾ ಆದರು. ಜಪಾನಿನಲ್ಲಿ ಹುಟ್ಟಿದವರಲ್ಲಿ ಗುರುವಿನ ನಂತರ ಇವರೇ ಮೊದಲಿಗರು. ಜುಲೈನಲ್ಲಿ ನಗೋಯಾದ ಹೊಸ ಭವನದಲ್ಲಿ ಯೊಕೊಜುನಾ ಆಗಿ ಮೊದಲ ಪಂದ್ಯಾವಳಿ. ನಾಲ್ಕನೆಯ ದಿನವೇ, ದಂತಕಥೆ ತೈಹೊ ಅವರ ಮೊಮ್ಮಗ ಓಹೊಗೆ ಮೊದಲ ಕಿನ್‌ಬೋಶಿ ಬಿಟ್ಟುಕೊಟ್ಟರು. ಸೆಪ್ಟೆಂಬರ್‌ನಲ್ಲಿ ಪ್ರಶಸ್ತಿ ಗೆದ್ದು ಲೆಕ್ಕ ಸರಿಪಡಿಸಿಕೊಂಡರು. ನವೆಂಬರ್‌ನ ಫುಕುಓಕಾದಲ್ಲಿ ಹದಿನಾಲ್ಕು ದಿನ ಮುಗಿದಾಗ 11-3ರಲ್ಲಿ ಅಗ್ರಸ್ಥಾನ ಹಂಚಿಕೊಂಡಿದ್ದರು. ಪೆಟ್ಟು ಬಿದ್ದದ್ದು ಎಡ ಭುಜಕ್ಕೆ. ಕೊನೆಯ ದಿನ ಓನೊಸಾಟೊ ಕಣಕ್ಕೆ ಇಳಿಯಲಿಲ್ಲ. ಎದುರಾಳಿ, ಇನ್ನೊಬ್ಬ ಯೊಕೊಜುನಾ ಹೋಶೋರ್ಯೂ ಅವರಿಗೆ ಆಡದೆಯೇ ಗೆಲುವು ಸಿಕ್ಕಿತು, ನಿರ್ಣಾಯಕ ಪಂದ್ಯದಲ್ಲಿ ಅವರನ್ನು ಸೋಲಿಸಿ ಉಕ್ರೇನಿನ ಅಓನಿಶಿಕಿ ಪ್ರಶಸ್ತಿ ಎತ್ತಿದರು. ಯೊಕೊಜುನಾಗಳಿಬ್ಬರ ಕಾದಾಟ ನೋಡಲೆಂದೇ ಕೊನೆಯ ದಿನದ ಟಿಕೆಟ್ ಕೊಂಡವರಿಗೆ ನಿರಾಸೆಯಾಗಿದ್ದರೆ ಅದು ಸಹಜ. ಆ ನಿರಾಸೆಯ ಬೆಲೆ ಎಷ್ಟೆಂದು ಆ ಗರಡಿಯ ಗುರುವಿಗಿಂತ ಚೆನ್ನಾಗಿ ಬಲ್ಲವರು ಸೂಮೊದಲ್ಲಿ ಯಾರೂ ಇರಲಾರರು.