ಗಾಳಿಯಲ್ಲೇ ಗಮಕ!

ಟೆನಿಸ್, ಬೌಲಿಂಗಿನಂಥ ವಿಡಿಯೊ ಆಟಗಳಿಗೆಂದು 2006ರಲ್ಲಿ ನಿಂಟೆಂಡೊ ಕಂಪನಿ ಮಾರುಕಟ್ಟೆಗೆ ಬಿಟ್ಟ ಬಿಳಿ ರಿಮೋಟ್ ಅದು. ಹೆಸರು ವೀ ರಿಮೋಟ್. ಕಂಪ್ಯೂಟರಿಗೆ ಜೋಡಿಸಿ, ಕೈಯಲ್ಲಿ ಹಿಡಿದು ಮಣಿಕಟ್ಟನ್ನು ಒಂಚೂರು ಓರೆ ಮಾಡಿ ನೋಡಿ: ಸ್ಪೀಕರಿನಲ್ಲಿ ಸ್ವರ ಏರುತ್ತದೆ! ಬಗ್ಗಿಸಿದರೆ ಜಾರಿ ಇಳಿಯುತ್ತದೆ. ಝಾಡಿಸಿದರೆ ಡ್ರಮ್ಮು! ಮೀಟಲು ತಂತಿಯಿಲ್ಲ, ಊದಲು ರಂಧ್ರವಿಲ್ಲ. ಇದನ್ನು ಬರೀ ಆಟಿಕೆ ಎಂದವರು ಯಾರು ಸ್ವಾಮಿ?

ಒಳಗಿರುವುದು ನಾಲ್ಕು ಮಿಲಿಮೀಟರ್ ಚೌಕದ ಒಂದು ಚಿಪ್. ಅದರೊಳಗೆ, ಸಿಲಿಕಾನಿನದೇ ಸ್ಪ್ರಿಂಗುಗಳಿಗೆ ತೂಗಿಬಿದ್ದಿರುವ ಸಿಲಿಕಾನಿನದೇ ಒಂದು ಪುಟ್ಟ ತೂಕ. ಕೈ ಅಲುಗಿದರೆ ಅದು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ; ಆ ಸರಿದಾಟವನ್ನು ಚಿಪ್ ಮೂರೂ ದಿಕ್ಕಿನಲ್ಲಿ ವಿದ್ಯುತ್ತಿನ ಏರಿಳಿತವಾಗಿ ಓದಿಕೊಳ್ಳುತ್ತದೆ. ಕೈ ಅಲುಗದಿದ್ದರೆ? ಆಗಲೂ ಬಿಡುವಿಲ್ಲ, ಗುರುತ್ವಾಕರ್ಷಣೆಯನ್ನು ಅಳೆಯುತ್ತಲೇ ಇರುತ್ತದೆ! ತಾನು ಯಾವ ಕಡೆಗೆ ಎಷ್ಟು ವಾಲಿದ್ದೇನೆಂದು ಅದಕ್ಕೆ ತಿಳಿಯುವುದೇ ಹಾಗೆ. ತಂಬೂರಿಗೆ ಬದಲು ಭೂಮಿಯ ಸೆಳೆತವನ್ನೇ ಆಧಾರವಾಗಿಟ್ಟುಕೊಂಡ ವಾದ್ಯ!

ಈ ಏರಿಳಿತಗಳೆಲ್ಲ ಅಂಕಿಗಳಾಗಿ ಬ್ಲೂಟೂತಿನಲ್ಲಿ ಕಂಪ್ಯೂಟರಿಗೆ ಹಾರಿ, ಅಲ್ಲಿನ ತಂತ್ರಾಂಶದಲ್ಲಿ ಮಿಡಿ (ವಿದ್ಯುನ್ಮಾನ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ) ಸಂದೇಶಗಳಾಗುತ್ತವೆ. ಯಾವ ಚಲನೆಗೆ ಯಾವ ನಾದ? ಅದು ನಿಮ್ಮಿಷ್ಟ. ವಾಲಿಸಿದರೆ ಸ್ವರ, ತಿರುಚಿದರೆ ನಾದದ ಗುಣ, ಬಟನ್ ಒತ್ತಿದರೆ ಮಾತ್ರ ಸದ್ದು. ಮಿಡಿಯ ಸಾಮಾನ್ಯ ಕಂಟ್ರೋಲ್ ಸಂದೇಶದಲ್ಲಿ 0ಯಿಂದ 127ರವರೆಗೆ ಮಾತ್ರ ಮೆಟ್ಟಿಲು. ಸ್ವರ ಜಾರಿಸಲು ಅದು ಒರಟು. ಸ್ವರ ಬಾಗಿಸಲೆಂದೇ ಇರುವ ಪಿಚ್ ಬೆಂಡ್‌ಗಾದರೆ 16,384 ಮೆಟ್ಟಿಲು! ಕೀಬೋರ್ಡಿನ ಮನೆಗಳ ನಡುವೆ ಒದ್ದಾಡುವ ಗಮಕ ಇಲ್ಲಿ ಬೆಣ್ಣೆಯಂತೆ ಜಾರೀತು. ನಮ್ಮ ವೈಣಿಕರ ಕೈಗೆ ಇದು ಸಿಕ್ಕರೆ!

ಈ ಹುಚ್ಚು ನಿನ್ನೆ ಮೊನ್ನೆಯದಲ್ಲ. 1920ರ ಸುಮಾರಿಗೇ ರಷ್ಯಾದ ಲಿಯೋನ್ ಥೆರೆಮಿನ್, ಮುಟ್ಟದೆಯೇ ನುಡಿಸುವ ವಾದ್ಯ ಕಟ್ಟಿದ್ದ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೈಮ್ ಸಂಸ್ಥೆಯ ಮಿಷೆಲ್ ವೈಸ್ವಿಸ್ ಎರಡು ಕೈಗೂ ತೊಡುವ ‘ದಿ ಹ್ಯಾಂಡ್ಸ್’ ರೂಪಿಸಿದರು. ಕೈ ವಾಲಿದ್ದನ್ನು ಪಾದರಸದ ಸ್ವಿಚ್ಚುಗಳು ಹೇಳುತ್ತಿದ್ದವು, ಎರಡು ಕೈಗಳ ನಡುವಿನ ದೂರವನ್ನು ನಮ್ಮ ಕಿವಿಗೆ ಕೇಳದ ಶಬ್ದವೊಂದು ಅಳೆಯುತ್ತಿತ್ತು. ಮಿಡಿ ಬಂದು ಆಗಿನ್ನೂ ಒಂದೇ ವರ್ಷ!

ಕಷ್ಟ ಒಂದಿದೆ. ತಂತಿ ಬೆರಳಿಗೆ ಎದುರು ಒತ್ತುತ್ತದೆ, ಗಾಳಿ ಒತ್ತುವುದಿಲ್ಲ. ಸ್ವರ ಎಲ್ಲಿ ಕೂತಿದೆಯೆಂದು ಕಿವಿಯೇ ಹುಡುಕಬೇಕು. ಅದಕ್ಕೂ ಉಪಾಯವುಂಟು. ಆಟದಲ್ಲಿ ಕೈಗೆ ನಡುಕ ಹುಟ್ಟಿಸಲೆಂದು ರಿಮೋಟಿನೊಳಗೆ ಇಟ್ಟಿರುವ ಮೋಟಾರನ್ನು ಕಂಪ್ಯೂಟರಿನಿಂದಲೇ ಓಡಿಸಬಹುದು. ಸ್ವರ ತನ್ನ ಜಾಗಕ್ಕೆ ಬಂದೊಡನೆ ಅಂಗೈ ಝುಮ್ಮೆನ್ನುವಂತೆ ಮಾಡಿಕೊಳ್ಳಿ, ತಾಳದ ಪೆಟ್ಟಿಗೂ ಮಾಡಿಕೊಳ್ಳಿ!