ಚಿತ್ರಶಾಲೆಗೆ ಕೋಷ್ಟಕವೇಕೆ?

ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಬಳಿಯಾಗಲಿ ಹೆಬ್ಬಾಳದ ಕೆರೆಯ ದಡದಲ್ಲಾಗಲಿ ಬೆಳಗಿನ ಹೊತ್ತು ನಿಂತವರಿಗೆ ಗೊತ್ತು, ಹಕ್ಕಿಗಳಿರುವ ಕಡೆ ಕ್ಯಾಮೆರಾಗಳೂ ಇರುತ್ತವೆ. ತೆಗೆದ ಚಿತ್ರವನ್ನು ಹತ್ತು ಜನಕ್ಕೆ ತೋರಿಸಬೇಕೆಂಬ ಆಸೆ ಸಹಜವಾದುದು. ಅದಕ್ಕಾಗಿ ಅಂತರಜಾಲದಲ್ಲಿ ಒಂದು ಚಿತ್ರಶಾಲೆಯನ್ನು ತೆರೆಯುತ್ತೇವೆ ಎಂದಿಟ್ಟುಕೊಳ್ಳೋಣ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ ಇವನ್ನೆಲ್ಲ ಪುಟದ ಮೇಲೆ ಜೋಡಿಸುವ ಬಗೆ ಹೇಗೆ?

ಮೊದಲು ಹೊಳೆಯುವ ಉಪಾಯ ಕೋಷ್ಟಕ. ಅಡ್ಡಕ್ಕೆ ಐದು ಮನೆ ಹಾಕಿ, ಮೇಲಿನ ಸಾಲಿನಲ್ಲಿ ಚಿತ್ರಗಳನ್ನೂ ಅದರ ಕೆಳಗಿನ ಸಾಲಿನಲ್ಲಿ ಹೆಸರುಗಳನ್ನೂ ಇಟ್ಟರಾಯಿತು. 1990ರ ದಶಕದಲ್ಲಿ ಬಹುಮಂದಿ ಹೀಗೆಯೇ ಮಾಡುತ್ತಿದ್ದರು. ಅವರನ್ನು ದೂರುವಂತಿಲ್ಲ, ಬೇರೆ ಸಾಧನ ಆಗ ಕೈಗೆ ಬಂದಿರಲಿಲ್ಲ. ಪುಟದ ಅಂದವನ್ನು ವಿಷಯದಿಂದ ಬೇರ್ಪಡಿಸಿ ಬರೆಯುವ ಸಿ.ಎಸ್.ಎಸ್. ಎಂಬ ಪದ್ಧತಿ 1996ರ ಡಿಸೆಂಬರಿನಲ್ಲಿ ಮೊದಲ ರೂಪ ತಳೆದರೂ, ಬ್ರೌಸರುಗಳು ಅದನ್ನು ಸರಿಯಾಗಿ ಕಲಿಯಲು ವರ್ಷಗಳೇ ಹಿಡಿದವು.

ಯಾವ ಕೆರೆಯಲ್ಲಿ ಯಾವ ತಿಂಗಳು ಎಷ್ಟು ಹಕ್ಕಿಗಳು ಕಂಡವು ಎಂಬ ಲೆಕ್ಕಕ್ಕೆ ಕೋಷ್ಟಕವೇ ತಕ್ಕುದು. ಅಲ್ಲಿ ಅಡ್ಡಸಾಲಿಗೂ ಅರ್ಥವುಂಟು, ಕಂಬಸಾಲಿಗೂ ಅರ್ಥವುಂಟು. ಚಿತ್ರಶಾಲೆಯಲ್ಲಿ ಮಿಂಚುಳ್ಳಿ ಮೂರನೆಯ ಕಂಬಸಾಲಿನಲ್ಲಿ ಏಕೆ ಕುಳಿತಿದೆ ಎಂದು ಕೇಳಿದರೆ ಉತ್ತರವಿಲ್ಲ. ಚಿತ್ರಶಾಲೆ ನಿಜವಾಗಿ ಒಂದು ಪಟ್ಟಿ.

ಈ ಭೇದವನ್ನು ಮರೆತರೆ ಆಗುವ ತೊಂದರೆಗಳು ಮೂರು. 150 ಪಿಕ್ಸೆಲ್ ಅಗಲದ ಐದು ಮನೆಗಳಿಗೆ 750 ಪಿಕ್ಸೆಲ್ ಬೇಕು. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗುಳಿಯುತ್ತದೆ. ನಡುವೆ ಹೊಸದೊಂದು ಚಿತ್ರ ಸೇರಿಸಬೇಕಾದರೆ ಮುಂದಿನ ಮನೆಗಳನ್ನೆಲ್ಲ ಒಂದೊಂದಾಗಿ ಸರಿಸಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಕೋಷ್ಟಕವನ್ನು ಸಾಲುಸಾಲಾಗಿ ಓದುತ್ತದೆ. ಮೊದಲು ಐದು ಚಿತ್ರ, ಆಮೇಲೆ ಐದು ಹೆಸರು. ಯಾವ ಹೆಸರು ಯಾವ ಹಕ್ಕಿಯದು ಎಂದು ಕೇಳುವವರು ಹೇಗೆ ತಿಳಿಯಬೇಕು?

ಪರಿಹಾರ ಸುಲಭ. ಯು.ಎಲ್. ಎಂಬ ಗುರುತಿನಿಂದ ಪಟ್ಟಿಯನ್ನು ಆರಂಭಿಸಿ, ಒಂದೊಂದು ಎಲ್.ಐ. ಒಳಗೆ ಒಂದು ಚಿತ್ರವನ್ನೂ ಅದರ ಹೆಸರನ್ನೂ ಜೊತೆಯಾಗಿ ಇಡಿ. ಜೋಡಣೆಯ ಕೆಲಸವನ್ನು ಸಿ.ಎಸ್.ಎಸ್.ಗೆ ಬಿಡಿ. ಹಿಂದೆ ಚಿತ್ರಗಳನ್ನು ಎಡಕ್ಕೆ ತೇಲಿಬಿಡುವ ಫ್ಲೋಟ್ ವಿಧಾನವಿತ್ತು; ಒಂದು ಹೆಸರು ಎರಡು ಸಾಲಿಗೆ ಬೆಳೆದರೆ ಮುಂದಿನ ಚಿತ್ರ ಅದಕ್ಕೆ ತಗುಲಿ ನಿಲ್ಲುತ್ತಿತ್ತು. 2017ರ ಮಾರ್ಚಿಯಲ್ಲಿ ಪ್ರಮುಖ ಬ್ರೌಸರುಗಳಿಗೆ ಬಂದ ಗ್ರಿಡ್ ಈ ತೊಡಕನ್ನು ಕಳೆಯಿತು. ಅದರಲ್ಲಿ ಆಟೋ-ಫಿಲ್, ಮಿನ್‌ಮ್ಯಾಕ್ಸ್ ಎಂಬ ಎರಡು ಮಾತುಗಳಿವೆ. ಮನೆಯೊಂದು 150 ಪಿಕ್ಸೆಲ್‌ಗಿಂತ ಕಿರಿದಾಗಬಾರದು, ನಡುವೆ 10 ಪಿಕ್ಸೆಲ್ ಬಿಡಬೇಕು, ಉಳಿದ ಜಾಗವನ್ನು ಸಮನಾಗಿ ಹಂಚಬೇಕು ಎಂದು ಅವುಗಳಿಂದ ಹೇಳಿದರೆ, ಫೋನಿನಲ್ಲಿ ಸಾಲಿಗೆ ಎರಡು ಚಿತ್ರಗಳೂ 1200 ಪಿಕ್ಸೆಲ್ ಅಗಲದ ತೆರೆಯಲ್ಲಿ ಏಳು ಚಿತ್ರಗಳೂ ತಾವಾಗಿಯೇ ಕೂರುತ್ತವೆ. ಚಿತ್ರದ ಅಗಲವನ್ನು ನೂರಕ್ಕೆ ನೂರು ಎಂದು ಬರೆದರೆ ಅದು ತನ್ನ ಮನೆಯನ್ನು ಮೀರುವುದಿಲ್ಲ.

ಇದು ಬರಿಯ ಉಪದೇಶವೆಂದು ತಿಳಿಯಬೇಕಾಗಿಲ್ಲ. ಕನ್ನಡ ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶವೂ ಮೊದಲು ಚಿತ್ರಸಂಪುಟಗಳನ್ನು ಕೋಷ್ಟಕದಲ್ಲಿಯೇ ಕಟ್ಟುತ್ತಿತ್ತು; 2011ರಲ್ಲಿ ಅದೂ ಪಟ್ಟಿಗೆ ತಿರುಗಿತು.

ಇನ್ನೊಂದು ಕೆಲಸ ಉಳಿದಿದೆ. ಪ್ರತಿಯೊಂದು ಚಿತ್ರಕ್ಕೂ ಆಲ್ಟ್ ಎಂಬ ಸ್ಥಳದಲ್ಲಿ ಒಂದು ವಾಕ್ಯ ಬರೆಯಬೇಕು. ರೇಡಿಯೋದಲ್ಲಿ ಆಟದ ವೀಕ್ಷಕ ವಿವರಣೆಯನ್ನು ಕೇಳಿದವರಿಗೆ ಅದರ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ‘ಹಕ್ಕಿ’ ಎಂದಷ್ಟೇ ಬರೆದರೆ ಕೇಳುವವರಿಗೆ ಏನೂ ಕಾಣದು. ‘ರೆಕ್ಕೆ ಚಾಚಿ ಹೆಬ್ಬಾಳ ಕೆರೆಯ ನೀರಿಗಿಳಿಯುತ್ತಿರುವ ಹೆಜ್ಜಾರ್ಲೆ’ ಎಂದು ಬರೆದರೆ, ಕೆರೆಯ ದಡಕ್ಕೆ ಎಂದೂ ಬಾರದವರೂ ಆ ಹಕ್ಕಿಯನ್ನು ಕಂಡಂತಾಗುತ್ತದೆ.